ದ್ವಾರಕೆಯ ದಾರಿಗೆ ಟಾರ್ಪಾಲು

ಕಳೆದ ಗುರುವಾರ ಬೆಳಗ್ಗೆ ನಮ್ಮ ಅತ್ತೆ ಕಾಣೆಯಾದರು.

ದೇವರ ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ, ತುಳಸಿಯ ಹತ್ತಿರವೂ ಇಲ್ಲ. ಪಕ್ಕದ ಮನೆಯ ಕಾಂತಾಬೆನ್ ಹತ್ತಿರ ಹೋಗಿರಬಹುದೇ? (ಅತ್ತೆಗೆ ಗುಜರಾತಿ ಬಾರದು, ಕಾಂತಾಬೆನ್‌ಗೆ ಕನ್ನಡ ಬಾರದು. ಆದರೂ ಇಬ್ಬರೂ ದಿನಾ ಗಂಟೆಗಟ್ಟಲೆ ಹರಟುತ್ತಾರೆ. ಏನು ಹರಟುತ್ತಾರೋ ಆ ಕೃಷ್ಣನೇ ಬಲ್ಲ.) ಅಲ್ಲೂ ಇಲ್ಲ. ಬರೋಡದಂಥ ಊರಿನಲ್ಲಿ, ಮಾತು ಬಾರದ ಮುದುಕಿ ಒಬ್ಬರೇ ಎಲ್ಲಿಗೆ ಹೋದಾರು? ಚಪ್ಪಲಿ ಮೆಟ್ಟಿ ಬೀದಿಗೆ ಹೊರಟೆ.

ಅಷ್ಟರಲ್ಲಿ ಅಂಗಳದ ಗಾಡಿಯ ಟಾರ್ಪಾಲಿನೊಳಗಿಂದ ಸಣ್ಣ ದನಿಯಲ್ಲಿ ಹರಿನಾಮ ಕೇಳಿಸಿತು.

ಈ ಗಾಡಿಯ ಕಥೆ ಹೇಳಲೇಬೇಕು. ನಮ್ಮವರು ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಎಂಜಿನಿಯರು. ಜೊತೆಗಿದ್ದ ವಿದೇಶಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಒಂದು ವ್ಯಾನನ್ನು ಇವರಿಗೆ ದಾಟಿಸಿ ಹೋದ. ಒಳಗೆ ಎರಡು ಮಂಚ, ಮಡಚುವ ಮೇಜು, ಕಿಟಕಿಗೆ ಪರದೆ, ಮೂಲೆಯಲ್ಲೊಂದು ಒಲೆ. (ಅದರ ಮೇಲೆ ಏನೇನು ಬೆಂದಿತ್ತೋ! ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾಗಿ, ಕೊನೆಗೆ ಅದನ್ನು ಕಿತ್ತೇ ಹಾಕಿಸಿ ಹೊಸ ಸೀಮೆಎಣ್ಣೆ ಸ್ಟೋವ್ ಇಡಿಸಿದರು.) ಒಟ್ಟಿನಲ್ಲಿ ಚಕ್ರದ ಮೇಲೊಂದು ಮನೆ. ಬೀದಿಯವರೆಲ್ಲ ಅದನ್ನು 'ಘರ್‌ಗಾಡಿ' ಎಂದರು.

ಅತ್ತೆಯ ಕಣ್ಣಿಗೆ ಮಾತ್ರ ಅದು ದ್ವಾರಕೆ. ಅವರು ಉಡುಪಿಯವರು. ಉಡುಪಿಯ ಕೃಷ್ಣ ಬಂದದ್ದು ದ್ವಾರಕೆಯಿಂದಲೇ ಅಲ್ಲವೇ? ಗೋಪೀಚಂದನದ ಮಣ್ಣು ಮೆತ್ತಿಕೊಂಡು ಹಡಗು ಹತ್ತಿದ, ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿದ, ಆದರೂ ದಡ ಸೇರಿದ ಎನ್ನುತ್ತದೆ ಐತಿಹ್ಯ. ಗುಜರಾತಿಗೆ ಬಂದ ದಿನದಿಂದ ಅತ್ತೆಗೆ ಒಂದೇ ಆಸೆ: ಕೃಷ್ಣ ಬಿಟ್ಟು ಬಂದ ಊರನ್ನು ಒಮ್ಮೆ ನೋಡಬೇಕು. ಆದರೆ ಮಡಿ? ರೈಲಿನಲ್ಲಿ ನೀರು ಕುಡಿಯರು, ಹೊರಗಿನ ಅನ್ನ ಮುಟ್ಟರು. ಸ್ವಂತ ಸ್ಟೋವ್, ಸ್ವಂತ ನೀರು ಇರುವ ಗಾಡಿ ಬಂದದ್ದೇ ತಡ, ಯಾರ ಕೈಯನ್ನೂ ಹಿಡಿಯದೆ ಸರಸರ ಹತ್ತಿ ಒಳಗೆಲ್ಲ ನೋಡಿಕೊಂಡು ಬಂದರು.

ಆಮೇಲೆ ಶುರುವಾಯಿತು ನಮ್ಮ ಸಂರಕ್ಷಣಾ ಕಾರ್ಯ.

ನಾನು ಬಳ್ಳಾರಿಯವಳು, ಬಿಸಿಲೆಂದರೆ ನನಗೆ ದಿಗಿಲು. "ಈ ಬಿಸಲಾಗ ಗಾಡಿ ತಗದ್ರ ಬಣ್ಣ ಸುಟ್ಟು ಹೋಗ್ತದರೀ" ಎಂದೆ. ಚೈತ್ರ ಹೋಯಿತು. ನಮ್ಮವರು ಕರಾವಳಿಯವರು, ಮಳೆಯೆಂದರೆ ಅವರಿಗೆ ಯುದ್ಧ. ಬರೋಡದ ಆಕಾಶದಲ್ಲಿ ಮೋಡದ ಸುಳಿವೇ ಇಲ್ಲದಾಗ ದೊಡ್ಡ ಟಾರ್ಪಾಲು ತಂದು, ಇರುವೆ ನುಗ್ಗಲೂ ಸಂದಿಲ್ಲದಂತೆ ಸುತ್ತಲೂ ಬಿಗಿದು ಕಟ್ಟಿದರು. ಊರು ಬಿಟ್ಟರೂ ಊರಿನ ಹವೆ ನಮ್ಮನ್ನು ಬಿಡುವುದಿಲ್ಲ, ನೋಡಿ.

ಮಳೆಗಾಲ ಮುಗಿದು ಬಿಚ್ಚಿದರೆ ಒಳಗೆಲ್ಲ ಬೂಸರು! ಹಾಸಿಗೆ, ಪರದೆ, ಮೇಜು, ಯಾವುದನ್ನೂ ಬಿಟ್ಟಿರಲಿಲ್ಲ.

"ನಮ್ಮಲ್ಲಿ ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ತಿದ್ದೆವಲ್ಲ, ಅದಕ್ಕೆ ಉಸಿರುಂಟು ಮಾರಾಯ. ಇದಕ್ಕೆ ಉಂಟಾ?" ಎಂದು ಅತ್ತೆ ಮಗನನ್ನು ಕೇಳಿದರು.

ಇವರು ಸೋಲುವವರೇ? ಎಲ್ಲ ತೊಳೆದು ಒಣಗಿಸಿ, ಗಾಳಿಗೆಂದು ಬಾಗಿಲ ಹತ್ತಿರ ಒಂದು ಮೂಲೆ ಬಿಟ್ಟು, ಮತ್ತೆ ಟಾರ್ಪಾಲು ಎಳೆದರು. ತಗಡಿನ ಶೆಡ್ಡು ಹಾಕಿಸಿದ ಮೇಲೆಯೇ ಪ್ರಯಾಣ ಎಂದು ಘೋಷಿಸಿದರು. ಮನೆಗೊಂದು ಮನೆ! ಕಂಬಗಳೂ ಬಂದು ಬಿದ್ದವು. "ಕ್ಯಾರೇ ಜವಾನು?" (ಯಾವಾಗ ಹೊರಡೋದು?) ಎಂದು ಕಾಂತಾಬೆನ್ ಬೇಲಿಯಾಚೆಯಿಂದ ಕೇಳಿದರೆ ಅತ್ತೆ "ಪಛೀ" ಎನ್ನುತ್ತಿದ್ದರು. ಪಛೀ ಎಂದರೆ ಆಮೇಲೆ. ಅತ್ತೆ ಕಲಿತ ಏಕೈಕ ಗುಜರಾತಿ ಪದ ಅದು. ಕಲಿಸಿದವರು ನಾವು.

ಗುರುವಾರ ಆ ಹರಿನಾಮ ಕೇಳಿ ನಮ್ಮವರು ಹಗ್ಗ ಬಿಚ್ಚಿ ಬಾಗಿಲು ತೆಗೆದರು. ಅತ್ತೆ ಮಡಿಸೀರೆಯುಟ್ಟು, ತಂಬಿಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು.

"ಅಮ್ಮಾ, ಇಲ್ಲಿ ಎಂತ ಮಾಡ್ತಾ ಇದ್ದೀರಿ?"

"ದ್ವಾರಕೆಗೆ ಹೋಗುವಾಗ ಕಿಟಕಿಯಲ್ಲಿ ಎಂತ ಕಾಣ್ತದೆ ಅಂತ ನೋಡ್ಲಿಕ್ಕೆ ಬಂದೆ. ಟಾರ್ಪಾಲು ಕಾಣ್ತದೆ."

ನನಗೆ ನಗು ಬಂತು. ಇಳಿಯಿರಿ ಅತ್ತೆ, ಕಾಫಿ ಆರುತ್ತದೆ ಎಂದೆ. ಅವರು ಮಿಸುಕಲಿಲ್ಲ.

"ಹೇಗೋ ಹತ್ತಿದೆ ಮಾರಾಯ್ತಿ. ಇಳಿಲಿಕ್ಕೆ ಮಂಡಿ ಬಗ್ಗುವುದಿಲ್ಲ. ಕೂಗಿದ್ರೆ ನೀವು ಹೆದರ್ತೀರಿ ಅಂತ ಸುಮ್ಮನೆ ಕೂತೆ."

ನನ್ನ ನಗು ಅಲ್ಲೇ ನಿಂತಿತು. ನಮ್ಮವರು ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದರು. ಇಳಿಸಿದ ಮೇಲೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಇಷ್ಟು ಹಗುರವಾಗಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲವಂತೆ, ಆಮೇಲೆ ಹೇಳಿದರು.

ತಗಡು ತುಕ್ಕು ಹಿಡಿದರೆ ಕಾಣುತ್ತದೆ. ಬಣ್ಣ ಮಾಸಿದರೆ ಕಾಣುತ್ತದೆ. ಒಂದೇ ಸೂರಿನ ಕೆಳಗಿರುವವರ ಮಂಡಿ ಸವೆದದ್ದು ಏಕೆ ಕಾಣುವುದಿಲ್ಲ? ಗಾಡಿ ಮಳೆಯಲ್ಲಿ ನೆನೆದರೆ ಒರೆಸಬಹುದು, ಕೆಟ್ಟರೆ ಮೆಕ್ಯಾನಿಕ್ ಇದ್ದಾನೆ. ಅತ್ತೆಯ ಮೇಲೆ ಹಾದುಹೋದ ಬೇಸಗೆ ಮಳೆಗಾಲಗಳಿಗೆ ಯಾವ ಟಾರ್ಪಾಲು ಇತ್ತು? ಎರಡು ದಿನದಿಂದ ಇದೇ ಯೋಚನೆ.

ಶೆಡ್ಡಿನ ಕಂಬಗಳನ್ನು ಕಾಂತಾಬೆನ್ ತಮ್ಮ ಬಳ್ಳಿಗಳ ಚಪ್ಪರಕ್ಕೆ ಒಯ್ದಿದ್ದಾರೆ. ನಾಳೆ ಬೆಳಗ್ಗೆ ನಮ್ಮ ಪ್ರಯಾಣ. ಅತ್ತೆಗೆ ಹತ್ತಿ ಇಳಿಯಲೆಂದು ನಮ್ಮವರು ಒಂದು ಗಟ್ಟಿ ಮಣೆ ಮಾಡಿಸಿದ್ದಾರೆ.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಇದನ್ನು ಬರೆಯುತ್ತಿರುವಾಗ ನಮ್ಮವರು ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದಾರೆ. "ಅಮ್ಮಾ, ಪಶ್ಚಿಮದಲ್ಲಿ ಸ್ವಲ್ಪ ಮೋಡ ಉಂಟು. ಒಂದು ವಾರ ನೋಡಿಕೊಂಡು..."

ಅವಲಕ್ಕಿ ಕಟ್ಟುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು:

"ಹವೆ ನೋಡಿಕೊಂಡು ಹೊರಡುವವ ಆಗಿದ್ರೆ ನಮ್ಮ ಕೃಷ್ಣ ಉಡುಪಿಗೆ ಬರ್ತಿದ್ನಾ ಮಗಾ?"