ಬೆನ್ನು ತೆರೆದಾಗ ಕರೆಂಟು ಹೋಯಿತು

ಡಿಸ್ಕ್ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ ಎಂದು ರಾಜಾಜಿನಗರದ ಆ ನರ್ಸಿಂಗ್ ಹೋಮಿನ ಡಾಕ್ಟರು ಮೊದಲೇ ಹೇಳಿದ್ದರು. ಸೊಂಟದ ಜಾಗ ಮಾತ್ರ ಮರಗಟ್ಟಿಸಿ, ಚಿಕ್ಕ ತೂತು ಮಾಡಿ, ಒಳಗಿನದನ್ನು ಟಿವಿಯಲ್ಲಿ ನೋಡಿಕೊಂಡು ಡಿಸ್ಕಿನ ಚೂರು ತೆಗೆಯುತ್ತಾರಂತೆ. ನಾನು ಎಚ್ಚರವಾಗಿದ್ದು ಮಾತಾಡುತ್ತಿರಬೇಕು.

"ಕಾಲಿಗೆ ಕರೆಂಟ್ ಹೊಡೆದ ಹಾಗಾದ್ರೆ ತಕ್ಷಣ ಹೇಳಿ. ನರಕ್ಕೆ ತಾಗಿದೆ ಅಂತ ಅರ್ಥ."

ಆಪರೇಷನ್ ಟೇಬಲ್ ಮೇಲೆ ಬೋರಲು ಮಲಗಿದ್ದೆ. ನನ್ನನ್ನು ಮಾತಾಡಿಸಬೇಕಲ್ಲ, ಸಿಸ್ಟರ್ ಕೇಳಿದರು, "ಎಲ್ಲಿ ಕೆಲಸ ಸಾರ್?"

"ವಿಜಯನಗರದ ವಿದ್ಯುತ್ ಕಚೇರೀಲಿ. ಕರೆಂಟ್ ಹೋದಾಗ ಜನ ಫೋನ್ ಮಾಡ್ತಾರಲ್ಲ, ಅದನ್ನ ಎತ್ತೋದು ನಾನೇ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಟಿವಿ ಕಪ್ಪಾಯಿತು. ಹೊರಗೆ ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಡಾಕ್ಟರ ಸಲಕರಣೆ ನನ್ನ ಬೆನ್ನೊಳಗೇ ಇತ್ತು.

"ಏನ್ ಸಾರ್ ನಿಮ್ಮವರು?" ಎಂದರು ಡಾಕ್ಟರು.

"ನಮ್ಮ ಏರಿಯಾದಲ್ಲೂ ದಿನಾ ಇದೇ ಗೋಳು," ಸಿಸ್ಟರ್ ಸೇರಿಸಿದರು. "ಫೋನ್ ಮಾಡಿದ್ರೆ ರಿಸೀವರ್ ಪಕ್ಕಕ್ಕೆ ಎತ್ತಿಟ್ಟಿರ್ತಾರೆ."

ಇಲ್ಲಿ ಎತ್ತಿಡಲು ನನಗೆ ರಿಸೀವರೂ ಇರಲಿಲ್ಲ.

"ಎಷ್ಟೊತ್ತಾಗುತ್ತೆ?" ಡಾಕ್ಟರು ಕೇಳಿದರು.

ಅಭ್ಯಾಸಬಲ. "ಐದು ನಿಮಿಷದಲ್ಲಿ ಬರುತ್ತೆ ಸಾರ್, ಲೈನ್‌ಮನ್ ಹೊರಟಿದ್ದಾರೆ" ಎಂದೆ. ಸರ್ವೀಸಿನಲ್ಲಿ ಮೊದಲ ಸಲ, ಆ ಮಾತು ನಿಜವಾಗಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಕರೆಂಟು ಬಂತು, ಕಾಲೂ ಉಳಿಯಿತು. ಬೆನ್ನೊಳಗೆ ಸಲಕರಣೆ ಇಟ್ಟು ದೂರು ಹೇಳಿದರೆ ನಮ್ಮವರು ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆ ಅನ್ನುವುದು ಸದ್ಯ ಆ ಡಾಕ್ಟರಿಗೆ ಮಾತ್ರ ಗೊತ್ತು. ವಿಜಯನಗರದ ಗ್ರಾಹಕರಿಗೆ ತಿಳಿಯದಿದ್ದರೆ ಸಾಕು.