ಮಾಳಿಗೆಗೆ ಹೋದ ವೈರು

ಸ್ನೇಹಿತರೇ, ನೆಟ್‌ವರ್ಕ್ ರಿಪೇರಿಯಲ್ಲಿ ಇಂಥದ್ದು ಕಂಡಿರಲಿಲ್ಲ. ಇಂದು ಮಧ್ಯಾಹ್ನ ಉಪ್ಪುಂದದ ಐಸ್ ಪ್ಲಾಂಟ್ ಆಫೀಸಿನಲ್ಲಿ, ಕೆಳಗಿನ ನೆಟ್‌ವರ್ಕ್ ಪೆಟ್ಟಿಗೆಯಲ್ಲಿ ಮಾಳಿಗೆಗೆ ಹೋಗುವ ವೈರಿನ ಹಸಿರು ದೀಪ ಉರಿಯುತ್ತಿತ್ತು. ಮೇಲೆ ಹೋಗಿ ನೋಡಿದರೆ ಕಂಪ್ಯೂಟರೇ ಇಲ್ಲ, ವೈರಿನ ತುದಿ ಗಾಳಿಯಲ್ಲಿ ನೇತಾಡುತ್ತಿದೆ.

ಆ ದೀಪ ಉರಿಯಬೇಕಾದರೆ, ಹೇಳಲು ಏನೂ ಇಲ್ಲದಾಗಲೂ ವೈರಿನ ಆಚೆ ತುದಿಯ ಯಂತ್ರ ‘ಇದ್ದೇನೆ, ಇದ್ದೇನೆ’ ಎಂಬ ಸಂಕೇತವನ್ನು ಬಿಡದೆ ಕಳಿಸುತ್ತಿರಬೇಕು. ನಿಲ್ಲಿಸಿದರೆ ದೀಪ ಆರುತ್ತದೆ. ಆಫೀಸಿನ ಗಿರಿಜಕ್ಕನಿಗೆ ಇದನ್ನೇ ಹೇಳಿದೆ.

“ಒಂದೇ ಸಲ ಕರ್ದ್ರೆ ಪಿಶಾಚಿ, ಓ ಅಂದ್ರೆ ಬೆನ್ನಿಗೇ ಬತ್ತ್. ಇದ್ ಬಿಡ್ದೆ ಕರೀತಾ ಇತ್ತಲೆ, ಹೆದ್ರೂದ್ ಎಂತಕೆ?” ಎಂದವರೇ ದೀಪದತ್ತ ಬಗ್ಗಿ, “ಹ್ವಾಯ್, ಯಾರ್ ಮಾರಾಯ್ರೆ?” ಎಂದು ಕೂಗಿದರು.

ದೀಪ ತಟ್ಟನೆ ಆರಿತು.

ಈಗ ಮನೆಯಲ್ಲಿದ್ದೇನೆ. ವೈರೇ ಸಿಕ್ಕಿಸದ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಹಸಿರು ದೀಪ ಉರಿಯುತ್ತಿದೆ. ಓಗೊಟ್ಟವರು ಗಿರಿಜಕ್ಕ, ನಾನಲ್ಲ ಎಂದು ಅದಕ್ಕೆ ಹೇಗೆ ತಿಳಿಸಲಿ?