ಹಕಾರಕ್ಕೆ ಎಷ್ಟು ಮಾರ್ಕ್ಸು

ಬಿ.ಎಡ್. ಓದುವವರನ್ನು ಪಾಠ ಮಾಡಿ ಕಲಿಯಲಿ ಎಂದು ಶಾಲೆಗೆ ಕಳಿಸಿದರೆ, ಆ ಶಾಲೆಯವರು ಪಾಠವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಾಡಿಸುತ್ತಾರೆ. ರಾವಂದೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಮೊಟ್ಟೆ ಸುಲಿದಿದ್ದೇನೆ, ಬಿಸಿಯೂಟದ ಸಾರಿಗೆ ಉಪ್ಪು ನೋಡಿದ್ದೇನೆ, ಹೆಡ್‌ಮಾಸ್ಟರ ಮೊಬೈಲಿನಿಂದ ಇಲಾಖೆಗೆ ಫೋಟೋ ಕಳಿಸಿದ್ದೇನೆ. ಹಾಗಾಗಿ ಪ್ರತಿಭಾ ಕಾರಂಜಿಯ ಬೆಳಗ್ಗೆ ಹೆಡ್‌ಮಾಸ್ಟರು ನನ್ನ ಹತ್ತಿರ ಬಂದು, "ಮೇಡಂ, ತೀರ್ಪುಗಾರರೊಬ್ರು ಕೈ ಕೊಟ್ರು. ನೀವೇ ಕೂತ್ಕಬುಡಿ," ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

"ನಾನಿನ್ನೂ ಕಲೀತಿರೋಳು ಸಾರ್," ಎಂದೆ.

"ಅದೇ ಒಳ್ಳೇದು. ತೀರ್ಪುಗಾರರು ಬೇರೆ ಶಾಲೆಯೋರಾಗಿರ್ಬೇಕು ಅಂತ ರೂಲ್ಸು. ನೀವು ಯಾವ ಶಾಲೆಯೋರೂ ಅಲ್ವಲ್ಲ."

ನನ್ನ ಎದೆಗೆ ರಿಬ್ಬನ್ನಿನ ಬ್ಯಾಡ್ಜು ಚುಚ್ಚಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಸುತ್ತಲಿನ ಹಳ್ಳಿಗಳ ಶಾಲೆಗಳಿಂದ ಮಕ್ಕಳು ಆಟೋಗಳಲ್ಲಿ ತುಂಬಿಕೊಂಡು ಬಂದಿದ್ದರು. ಮೈಕು ಹಿಡಿದಿದ್ದವರು ಅಂಥದ್ದೊಂದು ಶಾಲೆಯ ಕನ್ನಡ ಮೇಷ್ಟ್ರು, ಇಸ್ತ್ರಿ ಮಾಡಿದ ಶರ್ಟಿನವರು. "ವೇದಿಕೆ ಮೇಲಿನ ಗಣ್ಯರು ದಯವಿಟ್ಟು ಹಾಸನವನ್ನು ಹಲಂಕರಿಸಬೇಕು," ಎಂದು ಅವರು ಘೋಷಿಸಿದರು. ಹಾಸನ ನಮಗೆ ಪಕ್ಕದ ಜಿಲ್ಲೆ. ಗಣ್ಯರು ಅಷ್ಟು ದೂರ ಹೋಗದೆ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಯಾರೂ ನಗಲಿಲ್ಲ.

ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿ, ಹಾಲು ಆಲು, ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಇದರಿಂದ ಯಾರ ಸಂಸಾರವೂ ಹಾಳಾಗಿಲ್ಲ, ಯಾರೂ ಹಕ್ಕಿ ಬೇಯಿಸಿ ಅನ್ನವೆಂದು ಉಂಡಿಲ್ಲ. ಆದರೆ ನಾಲ್ಕಕ್ಷರ ಓದಿದ ಮೇಲೆ ನಾಚಿಕೆ ಹತ್ತಿಕೊಳ್ಳುತ್ತದೆ. ಆಗ ಇಷ್ಟು ದಿನ ಬಿಟ್ಟ ಹಕಾರಗಳನ್ನೆಲ್ಲ ಬಡ್ಡಿ ಸಮೇತ ಕಟ್ಟಲು ಹೊರಡುತ್ತಾರೆ, ಬೇಕಿಲ್ಲದ ಕಡೆಯೂ ಸುರಿಯುತ್ತಾರೆ. ನಾನೇನೂ ಕಮ್ಮಿಯಿಲ್ಲ. ನಮ್ಮೂರು ಕೆ.ಆರ್. ನಗರದ ಪಕ್ಕ. ಹುಣಸೂರಿನ ಕಾಲೇಜಿನಲ್ಲಿ ನನ್ನ ಮೊದಲ ಪಾಠ ನೋಡಿದ ಉಪನ್ಯಾಸಕರು "ಉಚ್ಚಾರಣೆ ಗ್ರಾಮ್ಯ" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಂದಿನಿಂದ ಕನ್ನಡಿ ಮುಂದೆ ನಿಂತು ಹಸು, ಹಾಲು, ಹುಲ್ಲು ಎಂದು ಉಸಿರು ಬಿಟ್ಟು ಬಿಟ್ಟು ಕಲಿತೆ. ಅವ್ವ ಅಡುಗೆಮನೆಯಿಂದ ಬಂದು, "ಯಾಕವ್ವ, ಉಬ್ಬಸವಾ?" ಎಂದು ಕೇಳಿದ್ದಳು.

ಮೊದಲು ಛದ್ಮವೇಷ. ನಮ್ಮದು ಹೊಗೆಸೊಪ್ಪಿನ ಸೀಮೆ. ಒಂದು ಮಗು ಮೈಗೆಲ್ಲ ಹಸಿ ಹೊಗೆಸೊಪ್ಪು ಕಟ್ಟಿಕೊಂಡು ಬಂದು, "ನಾನು ವಿಷ, ನನ್ನನ್ನು ಬೆಳೆಯಬೇಡಿ," ಎಂದು ಕೈಮುಗಿಯಿತು. "ಬೆಳೀದಿದ್ರೆ ನಿನ್ ಯೂನಿಫಾರಂ ಎಲ್ಲಿಂದ ಬರ್ತಿತ್ಲಾ?" ಎಂದು ಅದರ ಅಪ್ಪನೇ ಕಿಟಕಿಯ ಆಚೆಯಿಂದ ಕೇಳಿದ. ಸೊಪ್ಪಿನ ಘಾಟಿಗೆ ಮಗುವಿಗೆ ತಲೆ ಸುತ್ತಿ, ಬಹುಮಾನಕ್ಕಿಂತ ಮೊದಲು ನಿಂಬೆಹಣ್ಣಿನ ಶರಬತ್ತು ಕೊಡಬೇಕಾಯಿತು.

ಆಮೇಲೆ ಕಥೆ ಹೇಳುವ ಸ್ಪರ್ಧೆ. ನನ್ನ ಜೊತೆಗಿದ್ದ ಇನ್ನೊಬ್ಬ ತೀರ್ಪುಗಾರರು ನಿವೃತ್ತ ಕನ್ನಡ ಪಂಡಿತರು. ಅವರಿಗೆ ಕಥೆ ಬೇಕಿರಲಿಲ್ಲ, ಉಚ್ಚಾರಣೆಯೊಂದು ಸಾಕಿತ್ತು. ಮಕ್ಕಳು ಬಾಯಿ ತೆರೆಯುವ ಮೊದಲೇ ಪೆನ್ನಿನ ಮೊನೆಯನ್ನು ಆ ಕಾಲಮ್ಮಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು.

ಸ್ಪರ್ಧೆಗೆ ಮುಂಚೆ ಎಂಟನೇ ಕ್ಲಾಸಿನ ಒಬ್ಬಳು ನಮ್ಮ ಮೇಜಿನ ಹತ್ತಿರ ಬಂದಳು. ಎರಡು ಜಡೆ, ಅದರಲ್ಲೊಂದು ಬಿಚ್ಚಿಹೋಗಿತ್ತು. "ಮಿಸ್, ಫಸ್ಟು ಒಬ್ಬರಿಗೇನಾ ಕೊಡಾದು?"

"ಒಬ್ಬರಿಗೇ. ಯಾಕೆ?"

"ಫಸ್ಟು ಬಂದ್ರೆ ದಿನಾ ಪ್ರೇಯರ್‌ನಾಗೆ ಮೈಕಲ್ಲಿ ಪೇಪರ್ ಓದಕ್ಕೆ ಬುಡ್ತೀನಿ ಅಂದವ್ರೆ ನಮ್ ಸಾರ್. ಇಲ್ದಿದ್ರೆ ಇಲ್ಲ. ನಂಗೆ ಅ ಬರಾಕಿಲ್ವಂತೆ." ಅ ಎಂದರೆ ಹ. ಅವಳು ಬೆರಳು ತೋರಿಸಿದ್ದು ಗಣ್ಯರನ್ನು ಹಾಸನಕ್ಕೆ ಕಳಿಸಿದ ಆ ಮೇಷ್ಟರನ್ನೇ. "ಈಗ ಕಲ್ತಿವ್ನಿ ಮಿಸ್. ಸಾರೇ ಏಳ್ಕೊಟ್ರು," ಎಂದು ಧೈರ್ಯವಾಗಿ ಹೋದಳು. ಆ ಮೈಕು ಅವಳಿಗೆ ಸಿಗಬೇಕು ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತ್ತು. ತೀರ್ಪುಗಾರರಿಗೆ ಹಾಗೆಲ್ಲ ಅನ್ನಿಸಬಾರದು.

ಅವಳ ಸರದಿ ಬಂತು. ವೇದಿಕೆ ಮೇಲೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಶುರುಮಾಡಿದಳು: "ಹೊಂದು ಹೂರಿನಲ್ಲಿ ಹೊಬ್ಬ ಹಜ್ಜಿ ಹಿದ್ದಳು. ಹಜ್ಜಿ ಹಂಗಳದಲ್ಲಿ ಹಕ್ಕಿ ಹೊಣಗಿಸಿದ್ದಳು."

ಹಜ್ಜಿ ಹಕ್ಕಿಯನ್ನು ಒಣಗಿಸಿದ್ದಳು. ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. "ಹಾಗ ಹಕ್ಕಿಯೊಂದು ಹಾರಿ ಬಂದು ಹಕ್ಕಿಯನ್ನು ತಿಂದಿತು." ಈಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವಳ ಮೇಷ್ಟ್ರು. ಅವಳಿಗೆ ಏನು ತಪ್ಪಾಯಿತೆಂದೇ ಗೊತ್ತಾಗಲಿಲ್ಲ. ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಬಾಯಿ ಅರ್ಧ ತೆರೆದುಕೊಂಡು ಮೇಷ್ಟರ ಮುಖವನ್ನೇ ನೋಡುತ್ತ ನಿಂತಳು. ನನ್ನ ಪಕ್ಕದಲ್ಲಿ ಪಂಡಿತರು ತಣ್ಣಗೆ ಸೊನ್ನೆ ಹಾಕಿದರು.

ನನಗೆ ಮೈಯೆಲ್ಲ ಉರಿಯಿತು. ತೀರ್ಪುಗಾರರು ಸ್ಪರ್ಧಿಯ ಜೊತೆ ಮಾತಾಡುವಂತಿಲ್ಲ ಎಂದು ರೂಲ್ಸು. ನಾನು ಕೂತಲ್ಲಿಂದಲೇ ಕೂಗಿದೆ: "ಏನೂ ಆಗಿಲ್ಲ ಕಣವ್ವ. ನಿಮ್ಮನೇಲಿ ಎಂಗೆ ಏಳ್ತೀಯೋ ಅಂಗೇ ಏಳು."

ಕನ್ನಡಿ ಮುಂದೆ ಕಲಿತ ಹಕಾರ ಒಂದೂ ಬಾಯಿಗೆ ಬರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. ಮೂಗು ಒರೆಸಿಕೊಂಡು ಮತ್ತೆ ಮೊದಲಿಂದ ಹಿಡಿದಳು. ಅಜ್ಜಿ ಅಂಗಳದಲ್ಲಿ ಅಕ್ಕಿ ಒಣಗಾಕ್ತಾಳೆ. ಅಕ್ಕಿ ಬಂದು ಅಕ್ಕಿ ತಿನ್ನುತ್ತೆ. ಅಜ್ಜಿ ಕೋಲೆತ್ತಿದರೆ ಅಕ್ಕಿ ಕೇಳುತ್ತೆ: "ಸೊಸೆಗೆ ಕಾಣ್ದಂಗೆ ಬೆಲ್ಲ ಕದ್ದು ತಿಂತೀಯಲ್ಲಜ್ಜಿ, ನಾ ಅದ ಏಳ್ಬುಡ್ಲಾ?" ಅಜ್ಜಿ ಕೋಲು ಕೆಳಗಿಟ್ಟು ಇನ್ನೊಂದು ಹಿಡಿ ಹಾಕ್ತಾಳೆ. ನೋಡಿದರೆ ಸೊಸೆಯೂ ಅದೇ ಬೆಲ್ಲದ ಗಡಿಗೆಯಿಂದ ಕದ್ದು ತಿನ್ನುತ್ತಿರುತ್ತಾಳೆ, ಮಗನೂ ತಿನ್ನುತ್ತಿರುತ್ತಾನೆ. ಎಲ್ಲರೂ ಗುಟ್ಟಾಗಿ ಅಕ್ಕಿಗೆ ಅಕ್ಕಿ ಹಾಕುವವರೇ. "ಕೊನೀಗೆ ಅಕ್ಕಿ ಅಕ್ಕಿ ತಿಂದು ತಿಂದು ಆರಕ್ಕೇ ಆಗ್ನಿಲ್ಲ. ನಡ್ಕಂಡೇ ಓಯ್ತು," ಎಂದು ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ದಪ್ಪ ಹಕ್ಕಿಯ ನಡಿಗೆಯಲ್ಲೇ ವೇದಿಕೆ ಇಳಿದಳು.

ಸಭೆ ಮತ್ತೆ ನಕ್ಕಿತು, ಈ ಸಲ ನಗಬೇಕಾದ ಕಡೆ. ತಿಂದದ್ದು ಯಾವ ಅಕ್ಕಿ, ತಿನ್ನಿಸಿಕೊಂಡದ್ದು ಯಾವ ಅಕ್ಕಿ ಎಂದು ಒಂದು ಮಗುವೂ ಕೇಳಲಿಲ್ಲ.

"ಉಚ್ಚಾರಣೆ ಸೊನ್ನೆ," ಎಂದರು ಪಂಡಿತರು.

"ನಿಮಗೆ ಅರ್ಥ ಆಗ್ದೇ ಇರೋ ಮಾತು ಒಂದಾದ್ರೂ ಇತ್ತಾ ಸಾರ್?"

"ಅರ್ಥ ಆಗೋದು ಬೇರೆ, ಶುದ್ಧಿ ಬೇರೆ. ನೀವು ಮಧ್ಯೆ ಬಾಯಿ ಹಾಕಿದ್ದೇ ತಪ್ಪು."

"ಅವಳಿಗೆ ತಪ್ಪು ಹೇಳಿಕೊಟ್ಟೋರು ಮೈಕ್ ಹಿಡ್ಕೊಂಡು ನಿಂತಿದ್ದಾರೆ. ಅವರಿಗೆ ಎಷ್ಟು ಕೊಡ್ತೀರಿ?"

ಪಂಡಿತರಿಗೆ ಕೋಪ ನೆತ್ತಿಗೇರಿತು. "ಏನ್ರೀ ನೀವು, ನಾನು ಏಳೋದೇ ಒಂದು, ನೀವು ಏಳೋದೇ ಒಂದು," ಎಂದರು. ಎಂದವರೇ ನಾಲಗೆ ಕಚ್ಚಿಕೊಂಡರು. ನಾನು ನಗಲಿಲ್ಲ, ದೇವರಾಣೆ. ಉಚ್ಚಾರಣೆಯ ಕಾಲಮ್ಮಿನ ಮೇಲೆ ಬೆರಳಿಟ್ಟುಕೊಂಡು ಕೂತೆ, ಅಷ್ಟೇ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಸೊನ್ನೆಯ ತಲೆ ಮೇಲೊಂದು ಕೊಂಬು ಎಳೆದು ಆರು ಮಾಡಿದರು.

ಆರು ಸಾಲಲಿಲ್ಲ. ಅವಳು ಎರಡನೆಯವಳಾದಳು. ಮೊದಲು ಬಂದವಳ ಹಕಾರಗಳೆಲ್ಲ ಇರಬೇಕಾದ ಜಾಗದಲ್ಲೇ ಇದ್ದವು. ಅವಳು ಯಾವ ಕಥೆ ಹೇಳಿದಳೆಂದು ಎಷ್ಟು ನೆನೆಸಿಕೊಂಡರೂ ನನಗೆ ನೆನಪಾಗುವುದಿಲ್ಲ.

ಊಟವಾದ ಮೇಲೆ ನಲ್ಲಿಯ ಹತ್ತಿರ ಅಕ್ಕಿ ಕಥೆಯವಳು ಸಿಕ್ಕಳು, ತಟ್ಟೆ ತೊಳೆಯುತ್ತಿದ್ದಳು.

"ನಿಮ್ ಸಾರ್ ಏನಂದ್ರು?" ಎಂದು ಕೇಳಿದೆ.

"ಸೆಕೆಂಡಿಗೆಲ್ಲ ಮೈಕ್ ಇಲ್ಲ ಅಂದ್ರು." ತಟ್ಟೆಯ ನೀರು ಕೊಡವಿದಳು. "ಮಿಸ್, ನೀವು ನಂಗೆ ಏಳು ಅಂದ್ರಲ್ಲ, ಅಂಗಾರೆ ನೀವು ನಮ್ ಕಡೇರಾ?"

"ಊಂ ಕಣವ್ವ."

"ಮನೇಲಿ ನೀವೂ ಇಂಗೇ ಮಾತಾಡಾದಾ?"

"ಇಂಗೇಯ."

ಅವಳು ನನ್ನ ಸೀರೆ, ಬ್ಯಾಡ್ಜು, ವ್ಯಾನಿಟಿ ಬ್ಯಾಗು ಎಲ್ಲವನ್ನೂ ಒಮ್ಮೆ ನೋಡಿದಳು. "ಮತ್ತೆ ನಿಮ್ಮ ಎಂಗೆ ಮಿಸ್ ಮಾಡುದ್ರು?"

"ಬಾಯಿ ಮುಚ್ಕಂಡಿದ್ದೆ," ಎಂದೆ. ತಮಾಷೆಗೆಂದೇ ಅಂದದ್ದು. ಅಂದ ಮೇಲೆ ಅದು ನಿಜವೆಂದು ಗೊತ್ತಾಗಿ, ಆ ಮಗುವಿನ ಮುಂದೆ ನಾಚಿಕೆಯಾಯಿತು.

"ನಂಗದು ಆಗಾಕಿಲ್ಲ ಮಿಸ್," ಎಂದಳು. ತಟ್ಟೆಯನ್ನು ಲಂಗಕ್ಕೆ ಒರೆಸಿಕೊಂಡು ಆಟೋ ಕಡೆ ಹೊರಟಳು. ಕರೆದು ಬೇರೆ ದಾರಿ ಹೇಳೋಣವೆಂದರೆ, ಅಂಥದ್ದೊಂದು ನನಗೂ ಗೊತ್ತಿರಲಿಲ್ಲ.